ಪೊಟ್ಟಣದ ಮೇಲಿನ ಸೂರ್ಯ

ನನ್ನ ಜಾಗಕ್ಕೆ ಬಂದಿರುವ ದೀಪಾ ಎಂಬ ಹುಡುಗಿ ಈಚೆಗೆ ಫೋನ್ ಮಾಡಿದ್ದಳು. "ಸರ, ಈ ವರ್ಷ ಹೊಸಾದಾಗಿ ಸೇರಿದವರು ಹತ್ತು ಮಂದಿ ಇದ್ದೇವಿ. ನಿಮ್ಮ ಅನುಭವ ಒಂದಿಷ್ಟು ಬರದು ಕೊಡ್ರಿ, ಓದಿಕೋತೇವಿ" ಅಂದಳು. ನಾನು ಸರಕಾರಿ ದವಾಖಾನೆಗಳಲ್ಲಿ ಮೂವತ್ತಮೂರು ವರ್ಷ ಔಷಧ ಕೊಡುವ ಕಿಟಕಿಯ ಹಿಂದೆ ನಿಂತವನು. ಕಾಗದದಲ್ಲಿ ನನ್ನ ಹುದ್ದೆ ಫಾರ್ಮಸಿಸ್ಟ್. ಜನರ ಬಾಯಲ್ಲಿ ಮೊದಮೊದಲು ಕಂಪೌಂಡರ, ಕೂದಲು ಹಣ್ಣಾದ ಮೇಲೆ ಗುಳಿಗಿ ಸರ. ಎಲ್ಲಿಂದ ಎಲ್ಲಿಗೆ ವರ್ಗ ಆಯಿತು, ಬಡ್ತಿ ಯಾವಾಗ ಬಂತು ಅನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದು ಅಲ್ಲೇ ಇರಲಿ.

ನಾನು ಬರೆಯಬೇಕಾದದ್ದು ಒಂದು ಪೊಟ್ಟಣದ ವಿಷಯ. ಆ ದವಾಖಾನೆಯ ಹೆಸರು ಬರೆಯುವುದಿಲ್ಲ. ಹುನಗುಂದ, ಇಳಕಲ್ ಕಡೆಯದು ಅಂದರೆ ಸಾಕು. ತಪ್ಪು ದವಾಖಾನೆಯದಲ್ಲ, ನನ್ನದು.

ಮೊದಲು ನನ್ನ ಗುರುವಿನ ಮಾತು ಹೇಳಬೇಕು. ನಾನು ಕೆಲಸ ಕಲಿತದ್ದು ಬಾದಾಮಿ ತಾಲ್ಲೂಕಿನಲ್ಲಿ, ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಒಂದು ಸಣ್ಣ ದವಾಖಾನೆಯಲ್ಲಿ. ಅಲ್ಲಿ ಗುರುಸಿದ್ದಪ್ಪ ಅಂತ ಹಿರಿಯ ಕಂಪೌಂಡರ್ ಇದ್ದರು. ಆಗ ಇನ್ನೂ ಕೆಮ್ಮಿನ ಔಷಧ, ಹೊಟ್ಟೆನೋವಿನ ಔಷಧ ಎಲ್ಲ ದೊಡ್ಡ ಜಾಡಿಗಳಲ್ಲಿ ಕಲಸಿಟ್ಟಿರುತ್ತಿದ್ದೆವು. ಜನ ಮನೆಯಿಂದ ಬಾಟಲಿ ತರಬೇಕು. ಒಂದು ಕಾಗದದ ಪಟ್ಟಿಯನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸಿದರೆ ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಸೀಮೆಎಣ್ಣೆಯ ಬಾಟಲಿ ತೊಳೆಯದೆ ತಂದವರನ್ನು ಗುರುಸಿದ್ದಪ್ಪನವರು ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಬೈದ ಮೇಲೆ ಆ ಬಾಟಲಿಯನ್ನು ತಾವೇ ತೊಳೆದು ಕೊಡುತ್ತಿದ್ದರು.

ಗುಳಿಗೆ ಕಟ್ಟಿ ಕೊಡುವ ಕಾಗದದ ಪೊಟ್ಟಣದ ಮೇಲೆ ಅವರು ಎಂದೂ ಅಕ್ಷರ ಬರೆದವರಲ್ಲ. ಚಿತ್ರ ಬರೆಯುತ್ತಿದ್ದರು. ಮುಂಜಾನೆಯ ಗುಳಿಗೆಗೆ ಸೂರ್ಯ, ಮಧ್ಯಾಹ್ನದ್ದಕ್ಕೆ ಊಟದ ಗಂಗಾಳ, ರಾತ್ರಿಯದಕ್ಕೆ ಚಂದ್ರ. "ಅಕ್ಷರ ಬಾರದವರು ಇರ್ತಾರೋ ತಮ್ಮಾ, ಸೂರ್ಯಾ ಚಂದ್ರಾ ಗೊತ್ತಿಲ್ಲದವರು ಇರೂದಿಲ್ಲ" ಅನ್ನುತ್ತಿದ್ದರು. ನಾನು ಆ ವಿದ್ಯೆಯನ್ನು ಹಾಗೇ ಎತ್ತಿಕೊಂಡೆ. ಜಾಡಿ ಹೋಗಿ ಗುಳಿಗೆಯ ಹಾಳೆ ಬಂದವು, ಕಾಗದದ ಪೊಟ್ಟಣ ಹೋಗಿ ಪ್ಲಾಸ್ಟಿಕ್ಕಿನ ಚೀಲ ಬಂತು, ನನ್ನ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಆದರೂ ನಾನು ಕಾಗದದ ಪೊಟ್ಟಣ ಮಡಿಸುವುದನ್ನು ಬಿಡಲಿಲ್ಲ, ಸೂರ್ಯ ಚಂದ್ರರನ್ನೂ ಬಿಡಲಿಲ್ಲ. ನನ್ನಷ್ಟು ಬೇಗ ಸೂರ್ಯ ಬರೆಯುವವನು ಬಾಗಲಕೋಟೆ ಜಿಲ್ಲೆಯಲ್ಲಿಲ್ಲ ಎಂದು ಜಂಬವೂ ಇತ್ತು.

ಆ ಜಂಬಕ್ಕೆ ಒಮ್ಮೆ ಸಣ್ಣ ಪೆಟ್ಟು ಬಿದ್ದಿತ್ತು. ಬೇವೂರಿನ ಒಬ್ಬ ಅಜ್ಜ ಬಿ.ಪಿ. ಗುಳಿಗೆ ಒಯ್ಯುತ್ತಿದ್ದ. ತಿಂಗಳು ಮುಗಿದ ಮೇಲೆ ಬಂದಾಗ ಚಂದ್ರನ ಪೊಟ್ಟಣದಲ್ಲಿ ಒಂದು ಗುಳಿಗೆ ಉಳಿದಿತ್ತು. ಯಾಕೆಂದು ಕೇಳಿದರೆ, "ಅಮಾಸಿ ದಿನ ಚಂದ್ರಾಮ ಎಲ್ಲಿರ್ತಾನ್ರಿ?" ಅಂದ. ಇಡೀ ಸಾಲು ನಕ್ಕಿತು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮರೆತೆ. ಅಜ್ಜ ನನಗೊಂದು ಪಾಠ ಹೇಳಿ ಹೋಗಿದ್ದ. ಪೊಟ್ಟಣದ ಮೇಲೆ ನಾನು ಬರೆದದ್ದು ಒಂದು, ಮನೆಗೆ ಹೋದ ಮೇಲೆ ಅವರು ಓದಿಕೊಳ್ಳುವುದು ಇನ್ನೊಂದು ಆಗಬಹುದು. ಆ ಪಾಠ ನನ್ನ ತಲೆಗೆ ಇಳಿಯಬೇಕಾದರೆ ಒಂದು ಜೀವ ಹೋಗಿ ಬರಬೇಕಾಯಿತು.

ಇಳಕಲ್ ಕಡೆ ಬಂದ ಮೇಲೆ ನನಗೆ ರಂಜಾನ್ ತಿಂಗಳ ಪರಿಚಯ ಚೆನ್ನಾಗಿ ಆಯಿತು. ಆ ತಿಂಗಳು ನನ್ನ ಕಿಟಕಿಯ ಸಾಲಿನಲ್ಲಿ ಮುಸಲ್ಮಾನರ ಮುಖ ಕಡಿಮೆ ಕಾಣುತ್ತಿತ್ತು. ಗದ್ದಲ ಕಡಿಮೆಯಾಯಿತಲ್ಲ ಎಂದು ನಾನು ಒಳಗೊಳಗೇ ಸಮಾಧಾನಪಡುತ್ತಿದ್ದೆ. ಬಾರದೆ ಇದ್ದವರು ಎಲ್ಲಿ ಹೋದರು, ಅವರ ಗುಳಿಗೆಯ ಗತಿ ಏನಾಯಿತು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಬಂದವರಿಂದ ಮಾತ್ರ ಬಹಳ ಕಲಿತೆ. ರಾಜೇಸಾಬ ಅಂತ ಕೆಂಪು ಗ್ರಾನೈಟಿನ ಖಣಿಯಲ್ಲಿ ಕಲ್ಲು ಒಡೆಯುವವನೊಬ್ಬ ಇದ್ದ. ದಿನಕ್ಕೆ ಎರಡು ಕಟ್ಟು ಬೀಡಿ, ಲೆಕ್ಕವಿಲ್ಲದಷ್ಟು ಚಹಾ. ಉಪವಾಸದ ಮೊದಲ ವಾರ ತಲೆ ಹಿಡಿದುಕೊಂಡು ಬಂದ. "ತಲಿ ಸೀಳತೈತ್ರಿ ಸರ. ಗುಳಿಗಿ ಕೊಡ್ರಿ, ಆದ್ರ ಈಗ ನುಂಗಂಗಿಲ್ಲ, ಸಂಜಿಗೆ ನುಂಗ್ತೇನಿ." ಅದು ಹಸಿವಿನ ನೋವಲ್ಲ, ಚಹಾ ಬೀಡಿ ಬಿಟ್ಟ ನೋವು. ಎಂಟು ದಿನಕ್ಕೆ ಹೋಯಿತು. ಹಬ್ಬವಾದ ಮೇಲೆ ಸುರಕುಂಬಾ ಪಾಯಸದ ಡಬ್ಬಿ ಹಿಡಿದು ಬಂದು, ಎದೆ ತಟ್ಟಿ ತೋರಿಸಿದ. "ಕೆಮ್ಮ ನಿಂತೈತ್ರಿ. ಮೂವತ್ತು ದಿನ ಹಗಲಿ ಬಿಟ್ಟಿದ್ನಿ, ಇನ್ನ ರಾತ್ರಿನೂ ಬ್ಯಾಡಂತ ಬಿಟ್ಟಬಿಟ್ಟೆ." ನಾವು ವರ್ಷಗಟ್ಟಲೆ ಹೇಳಿ ಆಗದ್ದನ್ನು ಆ ಮೂವತ್ತು ದಿನ ಮಾಡಿತ್ತು.

ಇನ್ನೊಂದು ಬಗೆಯವರೂ ಇದ್ದರು. ಹಗಲೆಲ್ಲ ಖಾಲಿ ಇದ್ದ ಹೊಟ್ಟೆಗೆ ಸಂಜೆ ಭಜಿ, ಸಮೋಸಾ, ಸಿಹಿ ಶರಬತ್ತು ಒಮ್ಮೆಲೇ ಸುರಿದು ಮರುದಿನ ಎದೆಯುರಿ ಎಂದು ಬರುತ್ತಿದ್ದವರು. ಇದನ್ನು ಕಂಡು ನಗಬೇಡಿ. ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರದ ಉಪವಾಸವೆಂದರೆ ಸಾಬೂದಾನಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು. ಉಳಿದ ದಿನ ತಿನ್ನುವುದರ ಎರಡರಷ್ಟು. ಬಿಸಿಲುಗಾಲದಲ್ಲಿ ರಂಜಾನ್ ಬಂದ ವರ್ಷಗಳಲ್ಲಿ ಮೂತ್ರದಲ್ಲಿ ಉರಿ, ಕಿಡ್ನಿಯ ಕಲ್ಲಿನ ನೋವು ಎಂದು ಹೊರಳಾಡುತ್ತಾ ಬಂದವರನ್ನೂ ಕಂಡೆ. ಸಂಜೆಯಿಂದ ಬೆಳಗಿನವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿರಿ ಎಂಬ ಒಂದು ಮಾತು ಸಾಲುತ್ತಿತ್ತು. ಗಟ್ಟಿ ಮೈಯವನಿಗೆ ಉಪವಾಸ ಕೇಡು ಮಾಡುವುದನ್ನು ನಾನು ಕಾಣಲಿಲ್ಲ. ಗುಳಿಗೆ ನುಂಗಿ ಬದುಕುವವನ ಮಾತು ಬೇರೆ.

ಆಗ ನಮ್ಮ ದವಾಖಾನೆಗೆ ಒಬ್ಬ ದೊಡ್ಡ ಡಾಕ್ಟರಿದ್ದರು. ಕೈಗುಣ ಒಳ್ಳೆಯದು, ನಾಲಗೆ ಮಾತ್ರ ಹಸಿ ಮೆಣಸಿನಕಾಯಿ. ಸಕ್ಕರೆ ಕಾಯಿಲೆಯವರು ಯಾರಾದರೂ ರೋಜಾ ಎಂಬ ಮಾತು ಎತ್ತಿದರೆ ಸಾಕು, "ಉಪಾಸ ಗಿಪಾಸ ಏನಿಲ್ಲ. ಸಾಯೂದಿತ್ತಂದ್ರ ಮಾಡು, ಇಲ್ಲಿಗೆ ಮಾತ್ರ ಬರಬ್ಯಾಡ" ಎಂದು ಕೂಗುತ್ತಿದ್ದರು. ಅವರು ಹೇಳುವುದು ಸರಿ ಎಂದೇ ನಾನೂ ನಂಬಿದ್ದೆ. ನಮ್ಮವ್ವ ಗುಡೂರಿನವಳು. ಲಿಂಗಪೂಜೆ ಆಗದೆ ಒಂದು ಹನಿ ನೀರು ಮುಟ್ಟಿದವಳಲ್ಲ. ಜ್ವರ ಬಂದು ಮಲಗಿದ ದಿನವೂ ಗೋಡೆಗೆ ಒರಗಿ ಕೂತು ಪೂಜೆ ಮುಗಿಸಿಯೇ ಗುಳಿಗೆಗೆ ಬಾಯಿ ತೆರೆಯುತ್ತಿದ್ದಳು. ಅವಳಿಗೆ ಯಾರಾದರೂ ಪೂಜೆ ಬಿಡು ಅಂದಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ಮನೆಯಲ್ಲಿ ತಿಳಿಯುತ್ತಿದ್ದದ್ದು ಕಿಟಕಿಯ ಹಿಂದೆ ನಿಂತಾಗ ಯಾಕೆ ತಿಳಿಯಲಿಲ್ಲವೋ!

ಹುಸೇನಬಿ ನನ್ನ ಕಿಟಕಿಗೆ ಏಳೆಂಟು ವರ್ಷದಿಂದ ಬರುತ್ತಿದ್ದ ಹೆಂಗಸು. ಗಂಡ ತೀರಿಕೊಂಡಿದ್ದ. ಮಗಳು ಶಮೀಮ್‌ಳೊಡನೆ ಇದ್ದಳು. ಇಳಕಲ್ ಸೀರೆ ನೇಯುವವರ ಮನೆಗಳಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ಸುತ್ತುವ ಕೆಲಸ ಅದು. ಕಿಟಕಿಯ ಹಿಂದೆ ನಿಂತವನಿಗೆ ಮುಖಕ್ಕಿಂತ ಕೈ ಹೆಚ್ಚು ಗುರುತು ಸಿಗುತ್ತವೆ. ಹುಸೇನಬಿಯ ಬಲಗೈ ತೋರುಬೆರಳಿನಲ್ಲಿ ನೂಲು ಕೊರೆದ ಗೆರೆ ಇತ್ತು. ಆ ಬೆರಳು ಒಳಗೆ ಬಂದರೆ ತಲೆ ಎತ್ತದೆಯೇ ಆಕೆಯ ಗುಳಿಗೆ ತೆಗೆಯುತ್ತಿದ್ದೆ. ಸಕ್ಕರೆ ಇಳಿಸುವ ಜೋರಾದ ಗುಳಿಗೆ, ಮುಂಜಾನೆ ಒಂದು, ರಾತ್ರಿ ಅರ್ಧ. ಸೂರ್ಯನ ಪೊಟ್ಟಣ, ಚಂದ್ರನ ಪೊಟ್ಟಣ.

ಆ ವರ್ಷ ರಂಜಾನ್ ಮೇ ತಿಂಗಳಿಗೆ ಬಂದಿತ್ತು. ಇಳಕಲ್ ಬಿಸಿಲು ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಉಪವಾಸ ಶುರುವಾಗುವ ಹಿಂದಿನ ದಿನ ಹುಸೇನಬಿ ಬಂದಳು. ಒಳಗೆ ಡಾಕ್ಟರು ಎಂದಿನಂತೆ ಕೂಗಿದ್ದು ನನಗೂ ಕೇಳಿಸಿತು. ಆಕೆ ಹೂಂ ರೀ ಅಂದದ್ದೂ ಕೇಳಿಸಿತು. ಆಮೇಲೆ ಕಿಟಕಿಗೆ ಬಂದಳು. ಹಿಂದೆ ಸಾಲು ಬಾಗಿಲು ದಾಟಿತ್ತು. ನನ್ನ ಜತೆಗಾರ ರಜೆಯಲ್ಲಿದ್ದ, ಫ್ಯಾನ್ ಕೆಟ್ಟಿತ್ತು. ಎರಡು ಪೊಟ್ಟಣ ಕೊಟ್ಟೆ. ಆಕೆ ಸೂರ್ಯನ ಪೊಟ್ಟಣವನ್ನು ತಿರುಗಿಸಿ ನೋಡಿದಳು, ಡಾಕ್ಟರ ಕೋಣೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ದನಿ ಇಳಿಸಿ ಕೇಳಿದಳು.

"ಸರ, ಇದನ್ನ ಸೂರ್ಯಾ ಹುಟ್ಟೂಕ್ಕಿಂತ ಮೊದಲ ತಗೊಂಡ್ರ ನಡೀತೈತೇನ್ರಿ?"

"ಸೂರ್ಯಾ ಅಂದ್ರ ಮುಂಜಾನಿ ಬೇ. ಎಷ್ಟ ವರ್ಷ ಆತು ತಗೊಳ್ಳಾಕತ್ತು?"

"ಹೌದ್ರಿ. ಆದ್ರ ಹೊತ್ತ ಹೊಂಡೂಕ್ಕಿಂತ ಮೊದಲ..."

"ನಡೀತೈತಿ, ನಡೀತೈತಿ. ಮುಂದ ಸರಿ, ಹಿಂದ ಮಂದಿ ನಿಂತಾರ."

ಇಷ್ಟೇ ಮಾತು. ಈಗ ನೀವು ಯೋಚಿಸಿ. ವರ್ಷದಲ್ಲಿ ಯಾವ ತಿಂಗಳು, ಯಾವ ಮನೆಯ ಹೆಂಗಸು, ಹೊತ್ತು ಹುಟ್ಟುವ ಮೊದಲು ಗುಳಿಗೆ ನುಂಗುವ ಮಾತು ಕೇಳುತ್ತಾಳೆ? ನಸುಕಿನಲ್ಲಿ ಸಹರಿಯ ಊಟ ಮಾಡಿ ಉಪವಾಸ ಹಿಡಿಯುವವಳು ಮಾತ್ರ. ಡಾಕ್ಟರ ಮುಂದೆ ಹೇಳಲಾಗದ್ದನ್ನು ಆಕೆ ಸುತ್ತಿ ಬಳಸಿ ನನ್ನ ಮುಂದೆ ಹೇಳಿದ್ದಳು. ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಳಗೆಲ್ಲೋ ಗೊತ್ತಾಗಿತ್ತು. ಗೊತ್ತಾಯಿತೆಂದು ಒಪ್ಪಿಕೊಂಡರೆ ಕೆಲಸ ನಿಲ್ಲಿಸಿ ಆಕೆಯನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಮತ್ತೆ ಆ ಕೂಗಾಟ ಕೇಳಬೇಕು. ಅದು ಬೇಡವಾಗಿತ್ತು ನನಗೆ.

ಮುಂಜಾನೆಯ ಪೂರ್ತಿ ಗುಳಿಗೆ ಹೊಟ್ಟೆಯೊಳಗೆ ಇಳಿದು, ಆಮೇಲೆ ಸಂಜೆಯವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ ಅಂದರೆ ಏನಾಗುತ್ತದೆ ಎಂದು ನಿಮಗೆ ಓದಿಸಿರುತ್ತಾರೆ. ಗುಳಿಗೆ ತನ್ನ ಕೆಲಸ ತಾನು ಮಾಡುತ್ತದೆ. ಉಂಡಿದ್ದಾರೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಮೊದಲ ಎರಡು ದಿನ ಹೇಗೋ ಕಳೆದವಂತೆ. ಮೈ ನಡುಗಿದ್ದನ್ನು ಬಿಸಿಲಿಗೆ ಎಂದುಕೊಂಡಳಂತೆ. ಮೂರನೆಯ ದಿನ ಸಂಜೆ ನಾಲ್ಕರ ಸುಮಾರಿಗೆ ಶಮೀಮ್ ಮತ್ತು ಪಕ್ಕದ ಮನೆಯ ನೇಕಾರ ಸೇರಿ ಹುಸೇನಬಿಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದರು. ಸೀರೆ ನೀರಿನಲ್ಲಿ ಅದ್ದಿ ತೆಗೆದಂತೆ ಬೆವರಿಗೆ ತೊಯ್ದಿತ್ತು. ಕಣ್ಣು ತೆರೆದಿದ್ದವು, ನೋಟ ಇರಲಿಲ್ಲ. ಶಮೀಮ್ ಅಳುತ್ತಾ ಹೇಳಿದಳು: "ರಾಟಿ ಮುಂದ ಕುಂತಿದ್ಳರಿ. ಎಳಿ ಹರದ ಹೋಗಿತ್ತು, ಕೈ ಮಾತ್ರ ತಿರಗಸ್ತಾನ ಇತ್ತು. ಕರದ್ರ ಏನೇನೋ ಮಾತಾಡಾಕತ್ಳು. ಸಕ್ಕರಿ ನೀರ ತಂದ್ರ ಹಲ್ಲ ಕಚ್ಚಿ ಹಿಡದ್ಳು. ಬಾಂಗ್ ಆಗಿಲ್ಲ, ಬಾಂಗ್ ಆಗಿಲ್ಲ ಅಂತಾಳ." ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗುವವರೆಗೆ ರೋಜಾ ಬಿಡುವಂತಿಲ್ಲ. ಓಣಿಯವರು ಗಾಳಿ ಸೋಕಿದೆ ಎಂದು ಯಾರನ್ನೋ ಕರೆಸಲು ಹೊರಟಿದ್ದರಂತೆ. ಆ ನೇಕಾರನೇ ಮೊದಲು ದವಾಖಾನೆ ಎಂದು ಹಟ ಹಿಡಿದನಂತೆ. ಅವನ ಹಟದಿಂದ ನಾನು ಇವತ್ತು ಇದನ್ನು ಬರೆಯುವಂತಾಗಿದೆ.

ಡಾಕ್ಟರು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಯಂತ್ರದಲ್ಲಿ ಬಂದ ಅಂಕಿ ಕಂಡು ಅವರಂಥ ಬಾಯಿಯವರೂ ಒಂದು ಮಾತು ಆಡಲಿಲ್ಲ. ಗ್ಲುಕೋಸ್ ಎಂದು ಕೈಚಾಚಿದರು. ನಾನು ಓಡಿ ಹೋಗಿ ತಂದೆ. ಶಮೀಮ್ ಅವಸರದಲ್ಲಿ ತಾಯಿಯ ಗುಳಿಗೆಗಳನ್ನೂ ತಂದಿದ್ದಳು. ಸಿಸ್ಟರು ಆ ಪೊಟ್ಟಣಗಳನ್ನು ನನ್ನ ಕೈಗೆ ಕೊಟ್ಟಿದ್ದರು. ಸೂರ್ಯನದು ಮೇಲಿತ್ತು. ಹನ್ನೆರಡು ಕಿರಣದ ನನ್ನ ಸೂರ್ಯ, ಕಣ್ಣು ಮುಚ್ಚಿ ಬರೆಯಬಲ್ಲ ಸೂರ್ಯ. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಮೇಜಿನ ಮೇಲೆ ಇಡಬಹುದಿತ್ತು, ಡಾಕ್ಟರಿಗೆ ಕೊಡಬಹುದಿತ್ತು. ಜೇಬಿಗೆ ಹಾಕಿಕೊಂಡೆ.

ಅರ್ಧ ಬಾಟಲಿ ಇಳಿಯುವ ಹೊತ್ತಿಗೆ ಆಕೆಯ ಕಣ್ಣಿಗೆ ನೋಟ ಬಂತು. ಮೊದಲು ಕೇಳಿದ ಮಾತು, "ಬಾಂಗ್ ಆತೇನು?" ಶಮೀಮ್ ಇನ್ನೂ ಇಲ್ಲವೆಂದಳು. ಹುಸೇನಬಿ ತನ್ನ ಕೈಗೆ ಹಚ್ಚಿದ ನಳಿಗೆಯನ್ನು ನೋಡಿದಳು, ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದಳು. ಏನಾಗಿದೆ ಎಂದು ತಿಳಿಯಿತು. ಗೋಡೆಯ ಕಡೆ ಮುಖ ತಿರುಗಿಸಿ ಸಪ್ಪಳವಿಲ್ಲದೆ ಅತ್ತಳು. ಸಾವಿನ ಬಾಗಿಲಿನಿಂದ ವಾಪಸು ಬಂದವಳು ಅದಕ್ಕಾಗಿ ಅಳಲಿಲ್ಲ, ಮುರಿದ ರೋಜಾಕ್ಕೆ ಅತ್ತಳು. ನನಗೆ ಅವ್ವನ ನೆನಪಾಯಿತು.

ಅಪಾಯ ದಾಟಿತು ಎಂದು ಖಾತ್ರಿಯಾದ ಮೇಲೆ ಡಾಕ್ಟರಿಗೆ ತಮ್ಮ ನಾಲಗೆ ಮರಳಿ ಸಿಕ್ಕಿತು. ಕೋಣೆಯ ತುಂಬ ಜನ. ಸಿಸ್ಟರು, ಶಮೀಮ್, ನೇಕಾರ, ಪಕ್ಕದ ಹಾಸಿಗೆಯವರು. ಹುಸೇನಬಿಯ ಕಾಲ ಬಳಿ ನಾನು.

"ಉಪಾಸ ಮಾಡಬ್ಯಾಡ ಅಂದಿದ್ನೋ ಇಲ್ಲೋ? ಹೋಗಲಿ, ಪೂರ್ತಿ ಗುಳಿಗಿ ನುಂಗಿ ಹಗಲೆಲ್ಲಾ ಹಸದ ಕುಂದ್ರು ಅಂತ ಯಾರ ಹೇಳಿದ್ರು ನಿನಗ?"

ಹುಸೇನಬಿ ಮುಖ ತಿರುಗಿಸಿ ನೇರವಾಗಿ ನನ್ನನ್ನು ನೋಡಿದಳು. ನನ್ನ ಜೇಬಿನಲ್ಲಿದ್ದ ಪೊಟ್ಟಣ ಕೆಂಡದ ಹಾಗೆ ಸುಡುತ್ತಿತ್ತು. ಈಗ ಹೇಳುತ್ತಾಳೆ ಎಂದುಕೊಂಡೆ.

"ಯಾರೂ ಹೇಳಿಲ್ರಿ. ನನ್ನ ತಲಿ ಅಷ್ಟ. ನಂದ ತಪ್ಪು" ಅಂದಳು.

ಡಾಕ್ಟರು ಇನ್ನೂ ಎರಡು ಮಾತು ಬೈದರು. ಓದು ಬರಹ ಇಲ್ಲದ ಮಂದಿ ಅಂದರು. ಯಾರ ಮಾತೂ ಕೇಳದ ಮಂದಿ ಅಂದರು. ಆಕೆ ಎಲ್ಲದಕ್ಕೂ ಹೌದ್ರಿ ಅಂದಳು. ನಾನು ಬಾಯಿ ತೆರೆಯಬೇಕಾಗಿತ್ತು, ತೆರೆಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ಗುಳಿಗೆಯ ಜೋರು ಒಮ್ಮೆಲೇ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಬೀಳಬಹುದು ಎಂದು ಆಕೆಯನ್ನು ಎರಡು ದಿನ ಅಲ್ಲೇ ಇಟ್ಟುಕೊಂಡರು. ಆ ಎರಡು ದಿನವೂ ನಾನು ಆ ಕೋಣೆಯ ಮುಂದೆ ಹಾಯಲಿಲ್ಲ.

ತಪ್ಪು ಒಪ್ಪಿಕೊಳ್ಳುವ ಎದೆ ಇರಲಿಲ್ಲ, ಆದರೆ ಸುಮ್ಮನೆ ಕೂರುವುದೂ ಆಗಲಿಲ್ಲ. ಮಸೀದಿಯ ಇಮಾಮರು ನಮ್ಮಲ್ಲೇ ಬಿ.ಪಿ. ಗುಳಿಗೆ ಒಯ್ಯುತ್ತಿದ್ದ ವಯಸ್ಸಾದವರು. ಅವರ ಮನೆಗೆ ಹೋಗಿ ಕೇಳಿದೆ. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುತ್ತದೆಂದು ಹೆದರಿ ಎಷ್ಟೋ ಜನ ಪರೀಕ್ಷೆಗೇ ಬರುತ್ತಿರಲಿಲ್ಲ. ಹಾಗೇನೂ ಮುರಿಯುವುದಿಲ್ಲ ಎಂದರು ಅವರು. ಕಾಯಿಲೆಯವರಿಗೆ ವಿನಾಯಿತಿ ಇದೆ, ಮತ್ತೆ ಗುಣವಾಗುವ ಕಾಯಿಲೆ ಅಲ್ಲದಿದ್ದರೆ ಒಂದು ರೋಜಾಕ್ಕೆ ಬದಲಾಗಿ ಒಬ್ಬ ಬಡವನಿಗೆ ಉಣಿಸಿದರಾಯಿತು ಎಂದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು.

"ನೀವು ದವಾಖಾನಿ ಮಂದಿ ಬ್ಯಾಡ ಅಂತೀರಿ, ಕೆಲಸ ಮುಗೀತು ಅಂತೀರಿ. ಬ್ಯಾಡ ಅಂದ್ರ ಅವರು ಮುಚ್ಚಿಟ್ಟು ಮಾಡ್ತಾರ. ಮೊದಲ ಕೂಡಿಸಿ ಕೇಳ್ರಿ. ಯಾರಿಗೆ ಆಗಂಗಿಲ್ಲ, ಅವರನ್ನ ನನ್ನ ಕಡೆ ಕಳಸ್ರಿ, ನಾ ಹೇಳ್ತೇನಿ. ಯಾರಿಗೆ ಆಗತೈತಿ, ಅವರಿಗೆ ಹ್ಯಾಂಗ ಮಾಡಬೇಕು ಅಂತ ನೀವು ಹೇಳ್ರಿ."

ಇದನ್ನು ಡಾಕ್ಟರ ಮುಂದೆ ಹೇಗೆ ಇಡಬೇಕೋ ಎಂದು ಹೆದರಿದ್ದೆ. ಅವರು ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟರು. "ನಾ ಒದರಿದ್ದಕ್ಕ ಆಕಿ ಮುಚ್ಚಿಟ್ಳು ಅಂತೀರೇನ?" ಎಂದು ಕೇಳಿದರು. ಅವರು ತಮ್ಮ ಪಾಲಿನ ತಪ್ಪನ್ನು ಅಲ್ಲೇ ಒಪ್ಪಿಕೊಂಡುಬಿಟ್ಟರು. ನನ್ನ ಪಾಲಿನದು ಆ ಪೊಟ್ಟಣದೊಡನೆ ನನ್ನ ಮೇಜಿನ ಖಾನೆಯಲ್ಲಿ ಉಳಿಯಿತು. ಮರುವರ್ಷದಿಂದ ರಂಜಾನ್ ಇನ್ನೂ ಮೂರು ವಾರ ಇರುವಾಗಲೇ ಸಕ್ಕರೆ, ಬಿ.ಪಿ., ಕಿಡ್ನಿಯ ತೊಂದರೆ ಇದ್ದವರನ್ನು ಕರೆದು, ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಪದ್ಧತಿ ಶುರುವಾಯಿತು. ಬಸುರಿಯರನ್ನೂ ಕರೆಯುತ್ತಿದ್ದೆವು. ಕೆಲವರಿಗೆ ಡಾಕ್ಟರು ಗುಳಿಗೆಯ ಹೊತ್ತನ್ನೇ ತಿರುವಿಹಾಕಿದರು, ಮುಂಜಾನೆಯ ದೊಡ್ಡ ಗುಳಿಗೆ ಸಂಜೆಯ ಇಫ್ತಾರಿಗೆ, ರಾತ್ರಿಯದು ಇನ್ನೂ ಕಡಿಮೆ ಮಾಡಿ ಸಹರಿಗೆ. ಕೆಲವರಿಗೆ ಗುಳಿಗೆಯನ್ನೇ ಬದಲಿಸಿದರು. ಇದನ್ನು ಓದಿ ನೀವೇ ಕಿಟಕಿಯಿಂದ ಹೀಗೆ ಹೇಳಲು ಹೋಗಬೇಡಿ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಅದು ಡಾಕ್ಟರ ಕೆಲಸ. ಎಲ್ಲರಿಗೂ ಒಂದು ಮಾತು ಮಾತ್ರ ಹೇಳುತ್ತಿದ್ದೆವು. ಕೈಕಾಲು ನಡುಗಿ ಬೆವರು ಬಂದರೆ, ಬಾಂಗಿಗೆ ಐದೇ ನಿಮಿಷ ಇದ್ದರೂ ಕಾಯದೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಇಮಾಮರೂ ಶುಕ್ರವಾರದ ನಮಾಜಿನ ನಂತರ ಅದನ್ನೇ ಹೇಳಿದರು.

ಈ ಹೊಸ ಹೊತ್ತುಗಳಿಗೆ ನನ್ನ ಸೂರ್ಯ ಚಂದ್ರರು ಕೆಲಸಕ್ಕೆ ಬರಲಿಲ್ಲ. ಏನು ಬರೆಯಲಿ ಎಂದು ಹುಸೇನಬಿಯನ್ನೇ ಕೇಳಿದೆ. ಆಕೆ ಆಗ ಆರಾಮಾಗಿದ್ದಳು. ಡಾಕ್ಟರು ಮತ್ತು ಇಮಾಮರು ಇಬ್ಬರೂ ಸೇರಿ ಆಕೆಗೆ ಇನ್ನು ರೋಜಾ ಬೇಡವೆಂದು ಹೇಳಿದ್ದರು. "ಎಲ್ಲಾರೂ ರೋಜಾ ಇದ್ದಾಗ ನಾ ಒಬ್ಬಾಕಿ ರೊಟ್ಟಿ ತಿನ್ನೂದಂದ್ರ ಗಂಟಲಾಗ ಇಳಿಯೂದಿಲ್ರಿ" ಎಂದು ಹೇಳಿಕೊಂಡಿದ್ದಳು. ಆದರೂ ಬೇರೆಯವರ ಪೊಟ್ಟಣಕ್ಕೆ ಚಿತ್ರ ಹೇಳಿಕೊಟ್ಟಳು. "ಇಫ್ತಾರಕ್ಕ ಖಜೂರ ಬರೀರಿ. ಸಹರಿಗೆ ಎಬ್ಬಸಾಂವಾ ದಫ್ ಬಾರಿಸಕೋತ ಬರ್ತಾನಲ್ರಿ, ಅದನ್ನ ಬರೀರಿ." ದಫ್ ಬರೆದರೆ ಅದೂ ಸೂರ್ಯನ ಹಾಗೆ ಗುಂಡಗೆ ಕಂಡಿತು. ಆಕೆ ನಕ್ಕು, "ಬ್ಯಾಡ್ರಿ ಬ್ಯಾಡ್ರಿ, ಮತ್ತ ಸೂರ್ಯಾ ಬ್ಯಾಡ. ಹುಂಜಾ ಬರೀರಿ" ಅಂದಳು. ನನ್ನ ಹುಂಜ ಕಾಗೆಯ ಹಾಗೆ ಇರುತ್ತಿತ್ತು. ಜನ ಅದನ್ನೇ ಹುಂಜವೆಂದು ಒಪ್ಪಿಕೊಂಡರು. ಅಂದಿನಿಂದ ಪೊಟ್ಟಣ ಕೊಟ್ಟ ಮೇಲೆ ಅವರಿಂದಲೇ ಒಮ್ಮೆ ಹೇಳಿಸುವ ರೂಢಿ ಮಾಡಿಕೊಂಡೆ. ಯಾವಾಗ ನುಂಗುತ್ತೀರಿ, ಏನು ಉಂಡ ಮೇಲೆ ನುಂಗುತ್ತೀರಿ, ಈ ತಿಂಗಳು ಉಪವಾಸ ಉಂಟೇ. ಶಿವರಾತ್ರಿಗೆ ನಮ್ಮವರನ್ನೂ ಕೇಳಿದೆ. ಗುಳಿಗೆ ನುಂಗಿದರೆ ಉಪವಾಸ ಕೆಡುತ್ತದೆಂದು ಬಿ.ಪಿ. ಗುಳಿಗೆ ಬಿಟ್ಟವರು ನಮ್ಮ ಓಣಿಯಲ್ಲೇ ಸಿಕ್ಕರು.

"ಮತ್ತ ಸೂರ್ಯಾ ಬ್ಯಾಡ" ಎಂದು ಆಕೆ ನಕ್ಕ ದಿನವಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೀಗೇ ವರ್ಷಗಳು ಹೋದವು. ಡಾಕ್ಟರು ವರ್ಗವಾಗಿ ಹೋದರು, ನಾನೂ ನಿವೃತ್ತನಾದೆ. ಖಾನೆ ಖಾಲಿ ಮಾಡುವಾಗ ಪೊಟ್ಟಣ ಸಿಕ್ಕಿತು. ಮನೆಗೆ ತಂದು ಕನ್ನಡಕದ ಡಬ್ಬಿಯಲ್ಲಿ ಇಟ್ಟೆ.

ದೀಪಾ ಫೋನ್ ಮಾಡಿದ ಮೇಲೆ ಇದನ್ನು ಬರೆಯಲು ಕೂತಾಗ ಹುಸೇನಬಿಯ ಹೆಸರಿನ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿತು. ಆಕೆಗೆ ಹೇಳದ್ದನ್ನು ನಿಮಗೆ ಹೇಗೆ ಹೇಳಲಿ? ಮರುದಿನ ಬಾಗಲಕೋಟೆಯಿಂದ ಇಳಕಲ್ ಬಸ್ಸು ಹತ್ತಿದೆ. ರಂಜಾನ್ ಈಗ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಚಳಿ ಮುಗಿಯುವ ದಿನಗಳಿಗೆ ಬಂದಿದೆ. ನಾನು ಮನೆ ಮುಟ್ಟಿದಾಗ ಮಧ್ಯಾಹ್ನ. ಬಾಗಿಲಲ್ಲಿ ರೋಜಾ ಹಿಡಿಯಲಾಗದಷ್ಟು ಹಣ್ಣಾದ ಒಬ್ಬ ಬಡ ಮುದುಕ ಕೂತು ರೊಟ್ಟಿ, ಪಲ್ಯ ಉಣ್ಣುತ್ತಿದ್ದ. ಹುಸೇನಬಿ ಎದುರಿಗೆ ಕೂತು, ಇನ್ನೊಂದು ಹಾಕಲೇ ಎಂದು ಕೇಳುತ್ತಿದ್ದಳು. ತನ್ನ ರೋಜಾಕ್ಕೆ ಬದಲಾಗಿ ದಿನಕ್ಕೊಬ್ಬರಿಗೆ ಹೀಗೆ ಉಣಿಸುತ್ತಾಳೆಂದು ಶಮೀಮ್ ಹೇಳಿದಳು. ಆಕೆಯ ಕಣ್ಣು ಸಕ್ಕರೆಯಿಂದ ಮಂದವಾಗಿವೆ. ದನಿಯಿಂದಲೇ ನನ್ನನ್ನು ಗುರುತು ಹಿಡಿದಳು.

"ಗುಳಿಗಿ ಸರ ಅಲ್ಲೇನ್ರಿ? ಬರ್ರಿ, ಬರ್ರಿ. ಕುಂದ್ರ್ರಿ."

ನಾನು ಚಾಪೆಯ ಮೇಲೆ ಕೂತು ಪೊಟ್ಟಣ ತೆಗೆದು ಆಕೆಯ ಕೈಗಿಟ್ಟೆ. ಕಾಗದ ಹಳದಿಯಾಗಿತ್ತು, ಸೂರ್ಯ ಮಾಸಿದ್ದ. "ಅಕ್ಕಾ, ಇದರಾಗ ನನ್ನ ತಪ್ಪೈತ್ರಿ" ಎಂದೆ. ಅಷ್ಟು ವರ್ಷ ಬೇ ಎಂದು ಕರೆದಿದ್ದವನ ಬಾಯಲ್ಲಿ ಅಕ್ಕಾ ಎಂದು ಹೇಗೆ ಬಂತೋ ಗೊತ್ತಿಲ್ಲ. ಕಿಟಕಿಯ ಮಾತು, ಜೇಬಿಗೆ ಹಾಕಿಕೊಂಡದ್ದು, ಡಾಕ್ಟರು ಬೈಯುವಾಗ ನಿಂತು ನೋಡಿದ್ದು, ಎಲ್ಲ ಹೇಳಿದೆ. ಹೇಳುವಾಗ ಅತ್ತೆ, ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಹುಸೇನಬಿ ಪೊಟ್ಟಣವನ್ನು ಬೆರಳಿನಿಂದ ಸವರುತ್ತಾ ಕೇಳಿದಳು. ಮುಗಿದ ಮೇಲೆ ಹೇಳಿದಳು: "ಗೊತ್ತೈತ್ರಿ ಸರ. ನಾ ಕೇಳಿದ ಮಾತು ನಾ ಮರೀತೇನೇನ್ರಿ?"

"ಮತ್ತ ಡಾಕ್ಟರ ಮುಂದ ಯಾಕ ಹೇಳ್ಲಿಲ್ರಿ? ನಿಮಗ ಅಷ್ಟ ಬೈದ್ರು."

"ರೋಜಾ ಅಂದ್ರ ಊಟಾ ನೀರಾ ಬಿಡೂದಷ್ಟ ಅಲ್ರಿ. ಇನ್ನೊಬ್ಬರ ಮ್ಯಾಲೆ ಚಾಡಿ ಹೇಳೂದನ್ನೂ ಬಿಡಬೇಕು. ಹೊಟ್ಟೀ ರೋಜಾ ನೀವು ಬಾಟ್ಲಿ ಹಚ್ಚಿ ಮುರದಿದ್ರಿ. ಬಾಯಿದಾದ್ರೂ ಉಳೀಲಿ ಅಂದೆ. ಇನ್ನೂ ಬಾಂಗ್ ಆಗಿದ್ದಿಲ್ಲಲ್ರಿ."

ಆ ಸಂಜೆ ಆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ನಾವಿಬ್ಬರು. ಆಕೆ ತನ್ನ ರೋಜಾ ಉಳಿಸಿಕೊಳ್ಳಲು ಸುಮ್ಮನಿದ್ದಳು, ನಾನು ನನ್ನ ಮರ್ಯಾದೆ ಉಳಿಸಿಕೊಳ್ಳಲು. ಹೋಗಿ ಬರುತ್ತೇನೆಂದು ಎದ್ದೆ. ಆಕೆ ನನ್ನ ತೋಳು ಹುಡುಕಿ ಹಿಡಿದಳು.

"ಬಾಂಗ್ ಆಗೂತನಾ ಕುಂದ್ರ್ರಿ ಸರ. ಖಜೂರ ತಿಂದ ಹೋಗೀರಂತ."

ಕೂತೆ.